ಹಳೆಯ ಟ್ಯಾಬನ್ನು ಕಾರಿನ ಡ್ಯಾಶ್‌ಬೋರ್ಡಿಗೆ ಕೂರಿಸಬೇಕು. ಕಾರಿನ ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಡಬಹುದಾ? ದೊಡ್ಡ ಬ್ಯಾಟರಿ ಹಾಕಿಸಲಾ? ರಿವರ್ಸ್ ಕ್ಯಾಮೆರಾವನ್ನೂ ಟ್ಯಾಬಿಗೇ ಜೋಡಿಸಬಹುದಾ?

ಕೊಡಬೇಡಿ. ದೊಡ್ಡ ಬ್ಯಾಟರಿಯನ್ನೂ ಹಾಕಿಸಬೇಡಿ. ಮ್ಯಾಪ್ ಹಾಕಿಕೊಂಡು ಓಡಿಸಿದರೆ ಟ್ಯಾಬಿನ ಚಾರ್ಜ್ ಇಳಿಯುತ್ತದೆ, ಅದಕ್ಕೆ ಕಾರು ನಿಂತಾಗಲೂ ಚಾರ್ಜ್ ಆಗುತ್ತಿರಲಿ ಅನ್ನುವುದು ನಿಮ್ಮ ಯೋಚನೆ, ಅಲ್ವಾ? ನಾನು ಇದೇ ಯೋಚನೆ ಮಾಡಿ ಒಂದು ಕಾರ್ ಬ್ಯಾಟರಿ ಕಳೆದುಕೊಂಡವನು. ನಿಮ್ಮ ತೊಂದರೆ ಬ್ಯಾಟರಿಯದೇ ಅಲ್ಲ, ಚಾರ್ಜರ್ ಮತ್ತು ಕೇಬಲಿನದು ಅಂತ ನನಗೆ ಬಲವಾದ ಅನುಮಾನ.

ನನ್ನದು ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ವ್ಯಾಪಾರ. ಗದಗ, ಹಾವೇರಿ, ಬ್ಯಾಡಗಿ ಅಂತ ಹೆಚ್ಚು ಹೊತ್ತು ಗಾಡಿಯಲ್ಲೇ ಇರುತ್ತೇನೆ. ಮಗಳ ಆನ್‌ಲೈನ್ ಕ್ಲಾಸಿಗೆ ಕೊಂಡ 7 ಇಂಚಿನ ಟ್ಯಾಬ್ ಮನೆಯಲ್ಲಿ ಸುಮ್ನೆ ಬಿದ್ದಿತ್ತು. ಕಾರಿನ ಸ್ಟೀರಿಯೋ ಕೆಟ್ಟಿತ್ತು. ಸ್ಟೀರಿಯೋ ತೆಗೆದು ಆ ಜಾಗಕ್ಕೆ ಟ್ಯಾಬ್ ಕೂರಿಸಿದರೆ ಮ್ಯಾಪೂ ಆಯಿತು, ಹಾಡೂ ಆಯಿತು ಅಂತ ಶುರು ಮಾಡಿದೆ.

ಮೊದಲು ಒಂದು ಮಾತು: 7 ಇಂಚಿನ ಟ್ಯಾಬ್ ಡಬಲ್ ಡಿನ್ ಜಾಗದಲ್ಲಿ, ಅಂದರೆ ಸ್ಟೀರಿಯೋ ಕೂರಿಸುವ ದೊಡ್ಡ ಅಳತೆಯ ಜಾಗದಲ್ಲಿ, ಹಿಡಿಸುವುದಿಲ್ಲ. ಆ ಜಾಗ ಸುಮಾರು 180×100 ಮಿಲಿಮೀಟರ್. ಇಂಥ ಕೆಲಸಕ್ಕೆ ಒಂದು ಕಾಲದಲ್ಲಿ ತುಂಬಾ ಜನ ಬಳಸಿದ 2012ರ ನೆಕ್ಸಸ್ 7 ಕೂಡ 198×120 ಇತ್ತು. ಅಂದರೆ ಪ್ಯಾನೆಲ್ ಕತ್ತರಿಸಬೇಕು, ಇಲ್ಲವೇ ಮುಂದೆ ಒಂದು ಚೌಕಟ್ಟು ಕೂರಿಸಬೇಕು. ನಾನು ನೇಮ್‌ಪ್ಲೇಟ್ ಮಾಡುವ ಅಂಗಡಿಯಲ್ಲಿ ಕಪ್ಪು ಅಕ್ರಿಲಿಕ್ ಶೀಟ್ ಕತ್ತರಿಸಿಕೊಂಡು ಬಂದೆ. ನೋಡಲು ಕಂಪನಿಯದೇ ಅನ್ನುವ ಹಾಗಿತ್ತು. ಆದರೆ ಟ್ಯಾಬಿನ ಪವರ್ ಬಟನ್ ಚೌಕಟ್ಟಿನ ಒಳಗೆ ಸೇರಿಹೋಯಿತು. ಬೆರಳು ಹೋಗುತ್ತಿರಲಿಲ್ಲ. ಆಗ ಅದು ದೊಡ್ಡ ವಿಷಯ ಅನ್ನಿಸಲಿಲ್ಲ.

ಕರೆಂಟಿಗೆ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಸಣ್ಣ ಕನ್ವರ್ಟರ್ ಬೋರ್ಡ್ ತಂದೆ. ಮನೆಯಲ್ಲಿದ್ದ ಎರಡು ಮೀಟರಿನ ಕೇಬಲ್ ಕತ್ತರಿಸಿದೆ. ಒಳಗೆ ನಾಲ್ಕು ವೈರ್: ಕೆಂಪು, ಕಪ್ಪು, ಹಸಿರು, ಬಿಳಿ. ಕೆಂಪು ಪ್ಲಸ್, ಕಪ್ಪು ಮೈನಸ್. ಹಸಿರು, ಬಿಳಿ ಡೇಟಾಗೆ ಇರುವವು, ಚಾರ್ಜಿಗೆ ಯಾಕೆ ಬೇಕು ಅಂತ ಕತ್ತರಿಸಿ ಟೇಪ್ ಸುತ್ತಿಬಿಟ್ಟೆ. ಆ ಸಲ ಕರೆಂಟ್ ತೆಗೆದುಕೊಂಡದ್ದು ಎಸಿಸಿ ಲೈನಿನಿಂದ. ಕೀ ತಿರುಗಿಸಿದರೆ ಬರುತ್ತದೆ, ಕೀ ತೆಗೆದರೆ ಹೋಗುತ್ತದೆ. ಅಷ್ಟರ ಮಟ್ಟಿಗೆ ಸರಿಯಾಗಿಯೇ ಮಾಡಿದ್ದೆ.

ಹಾವೇರಿಗೆ ಹೊರಟೆ. ಸ್ಕ್ರೀನಿನ ಮೇಲೆ ಚಾರ್ಜಿಂಗ್ ಗುರುತು ಇದೆ, ಪರ್ಸೆಂಟೇಜ್ ಮಾತ್ರ ಇಳಿಯುತ್ತಿದೆ. ಶಿಗ್ಗಾವಿ ದಾಟಿ ಬಂಕಾಪುರ ಬರುವಷ್ಟರಲ್ಲಿ ಅರ್ಧಕ್ಕೆ ಬಂದಿತ್ತು. ವಾಪಸ್ ಬರುವಾಗ ಟ್ಯಾಬ್ ಆಫ್.

ಇಲ್ಲಿಯೇ ನಾನು ದಾರಿ ತಪ್ಪಿದ್ದು. ಸ್ವಲ್ಪ ಉದ್ದ ಆಗುತ್ತದೆ, ಆದರೂ ಬಿಡಿಸಿ ಹೇಳುತ್ತೇನೆ. ನಿಮ್ಮ ಪ್ರಶ್ನೆಯೂ ಇಲ್ಲಿಂದಲೇ ಹುಟ್ಟಿದೆ.

ಟ್ಯಾಬಿಗೆ ಯುಎಸ್‌ಬಿ ಸಿಕ್ಕ ತಕ್ಷಣ ಅದು ಬೇಕಾದಷ್ಟು ಕರೆಂಟ್ ಎಳೆಯುವುದಿಲ್ಲ. ಆ ಕಡೆ ಇರುವುದು ಚಾರ್ಜರೋ ಕಂಪ್ಯೂಟರೋ ಅಂತ ಮೊದಲು ನೋಡುತ್ತದೆ. ನೋಡುವುದು ಹೇಗೆ? ಆ ಹಸಿರು, ಬಿಳಿ ವೈರುಗಳಿಂದಲೇ. ಗೋಡೆಗೆ ಹಾಕುವ ಚಾರ್ಜರಿನ ಒಳಗೆ ಆ ಎರಡೂ ಒಂದಕ್ಕೊಂದು ಸೇರಿರುತ್ತವೆ. ಸೇರಿರುವುದು ಕಂಡರೆ ಇದು ಚಾರ್ಜರ್ ಅಂತ ಧೈರ್ಯವಾಗಿ ಒಂದೂವರೆ, ಎರಡು ಆಂಪಿಯರ್ ಎಳೆಯುತ್ತದೆ. ಕಾಣದಿದ್ದರೆ ಯಾವುದೋ ಕಂಪ್ಯೂಟರ್ ಪೋರ್ಟ್ ಇರಬೇಕು ಅಂದುಕೊಂಡು 500 ಮಿಲಿಆಂಪಿಯರಿಗೆ ನಿಲ್ಲುತ್ತದೆ. ಅಂದರೆ ಎರಡೂವರೆ ವ್ಯಾಟ್. ಬಿಸಿಲಿನಲ್ಲಿ ಕಾಣಲಿ ಅಂತ ಬ್ರೈಟ್‌ನೆಸ್ ಪೂರ್ತಿ ಏರಿಸಿ, ಜಿಪಿಎಸ್ ಹಾಕಿ, ಮ್ಯಾಪ್ ಓಡಿಸಿದರೆ ಟ್ಯಾಬ್ ತಿನ್ನುವುದು ಅದಕ್ಕಿಂತ ಜಾಸ್ತಿ. ಉಳಿದದ್ದು ಅದರ ಸ್ವಂತ ಬ್ಯಾಟರಿಯಿಂದ ಹೋಗುತ್ತದೆ. ನನ್ನ ಕನ್ವರ್ಟರಿಗೆ ಮೂರು ಆಂಪಿಯರ್ ಕೊಡುವ ತಾಕತ್ತಿತ್ತು. ಟ್ಯಾಬ್ ಕೇಳುತ್ತಲೇ ಇರಲಿಲ್ಲ.

ಇದರ ಜೊತೆಗೆ ಆ ತೆಳು ಕೇಬಲ್. ಅಂಥ ಎರಡು ಮೀಟರ್ ಕೇಬಲಿನಲ್ಲಿ ಒಂದು ಆಂಪಿಯರ್ ಹರಿದರೆ ಮುಕ್ಕಾಲು ವೋಲ್ಟಿನ ಹತ್ತಿರ ದಾರಿಯಲ್ಲೇ ಹೋಗುತ್ತದೆ. ಐದು ವೋಲ್ಟ್ ಹೊರಟು ನಾಲ್ಕು ಚಿಲ್ಲರೆ ತಲುಪುತ್ತದೆ. ಡೇಟಾ ವೈರ್ ಸರಿ ಇದ್ದಿದ್ದರೂ ಅದರಲ್ಲಿ ಪೂರ್ತಿ ಕರೆಂಟ್ ಬರುತ್ತಿರಲಿಲ್ಲ.

ಆ ಹಸಿರು, ಬಿಳಿ ವೈರಿನ ತುದಿ ಸೇರಿಸಿ, ಕೇಬಲ್ ಚಿಕ್ಕದು ಮಾಡಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಗೊತ್ತಿರಲಿಲ್ಲ. ನಾನು ಅಂದುಕೊಂಡದ್ದು: ಓಡುವಾಗ ಚಾರ್ಜ್ ಸಾಲುತ್ತಿಲ್ಲ, ರಾತ್ರಿ ಕಾರು ಸುಮ್ನೆ ನಿಂತಿರುತ್ತದೆ, ಆಗ ತುಂಬಿಕೊಳ್ಳಲಿ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ ಅಂತ ಪೈಪಿನ ಕಸ ತೆಗೆಯದೆ ರಾತ್ರಿಯಿಡೀ ನಲ್ಲಿ ಬಿಟ್ಟು ಮಲಗಿದ ಹಾಗೆ. ಫ್ಯೂಸ್ ಬಾಕ್ಸಿನಲ್ಲಿ ರೂಮ್ ಲೈಟಿನ ಫ್ಯೂಸಿಗೆ ಬದಲಾಯಿಸಿದೆ. ಅದಕ್ಕೆ ಕೀ ಇರಲಿ ಬಿಡಲಿ, ಯಾವಾಗಲೂ ಕರೆಂಟ್ ಇರುತ್ತದೆ.

ಕೆಲಸ ಮಾಡಿತು! ಬೆಳಿಗ್ಗೆ ಕಾರು ತೆಗೆದರೆ ಟ್ಯಾಬಿನಲ್ಲಿ ಒಳ್ಳೇ ಚಾರ್ಜ್. ದಿನಾ ಗಾಡಿ ಓಡುತ್ತಿದ್ದುದರಿಂದ ರಾತ್ರಿ ಇಳಿದದ್ದನ್ನು ಎಂಜಿನ್ ಓಡುವಾಗ ಕರೆಂಟ್ ಮಾಡುವ ಆಲ್ಟರ್ನೇಟರ್ ಹಗಲು ತುಂಬಿಸಿಬಿಡುತ್ತಿತ್ತು. ಹಾಗಾಗಿ ಏನೂ ಗೊತ್ತಾಗಲಿಲ್ಲ. ಗೆಳೆಯರಿಗೆಲ್ಲ ತೋರಿಸಿದೆ.

ಇನ್ನೊಂದು ಮಾಡಿದ್ದೆ. ಓಡಿಸುವಾಗ ಸ್ಕ್ರೀನ್ ಆರಬಾರದು ಅಂತ ಟ್ಯಾಬಿನ ಡೆವಲಪರ್ ಆಪ್ಷನ್ಸ್ ಒಳಗೆ ‘ಸ್ಟೇ ಅವೇಕ್’ ಆನ್ ಮಾಡಿದ್ದೆ. ಚಾರ್ಜ್ ಆಗುತ್ತಿರುವವರೆಗೆ ಸ್ಕ್ರೀನ್ ಮಲಗುವುದಿಲ್ಲ. ಈಗ ಚಾರ್ಜಿಂಗ್ ನಿಲ್ಲುವುದೇ ಇಲ್ಲವಲ್ಲ! ಬಟನ್ ಒತ್ತಿ ಆರಿಸೋಣ ಅಂದರೆ ಬಟನ್ ಚೌಕಟ್ಟಿನ ಒಳಗೆ. ಬ್ರೈಟ್‌ನೆಸ್ ಪೂರ್ತಿ ಇಳಿಸಿ, ಆಯಿತು ಬಿಡು ಅಂತ ಬಾಗಿಲು ಹಾಕಿಕೊಂಡು ಹೋಗುತ್ತಿದ್ದೆ.

ದೀಪಾವಳಿಗೆ ಮನೆಯವರೆಲ್ಲ ರೈಲಿನಲ್ಲಿ ಊರಿಗೆ ಹೋದೆವು. ಕಾರಿಗೆ ಕವರ್ ಹೊದಿಸಿ ಮನೆ ಮುಂದೆ ಬಿಟ್ಟಿದ್ದೆ. ಬಂದು ಕೀ ತಿರುಗಿಸಿದರೆ ಟಕ ಟಕ ಸದ್ದು, ಅಷ್ಟೇ.

ಲೆಕ್ಕ ನೋಡಿ. ಟ್ಯಾಬಿಗೆ ಎರಡೂವರೆ ವ್ಯಾಟ್, ಕನ್ವರ್ಟರ್ ಶಾಖ ಮಾಡಿ ಕಳೆಯುವುದು ಸೇರಿದರೆ ಮೂರು. 12 ವೋಲ್ಟಿನ ಕಡೆಯಿಂದ ಅದು ಕಾಲು ಆಂಪಿಯರ್. ಕೇಳಲು ಏನೂ ಅಲ್ಲ. ಆದರೆ 24 ಗಂಟೆಗೆ 6 ಆಂಪಿಯರ್ ಅವರ್ ಆಯಿತು. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 35 ಆಂಪಿಯರ್ ಅವರಿನದು. ಮೂರು ದಿನಕ್ಕೆ ಅರ್ಧ ಖಾಲಿ. ಸ್ಟಾರ್ಟರ್ ಮೋಟಾರಿಗೆ ಒಂದು ಕ್ಷಣಕ್ಕೆ ನೂರು ಆಂಪಿಯರಿಗಿಂತ ಜಾಸ್ತಿ ಬೇಕು. ಹಳೇ ಬ್ಯಾಟರಿ ಅರ್ಧಕ್ಕೆ ಬಂದರೆ ಅದನ್ನು ಕೊಡುವುದು ಕಷ್ಟ. ನನ್ನದು ಅರ್ಧ ದಾಟಿ ತಳ ಮುಟ್ಟಿತ್ತು. ಪೂರ್ತಿ ತುಂಬಿದ ಬ್ಯಾಟರಿ ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಸುಮಾರು ಅರ್ಧ. ನನ್ನದು 10ರ ಆಸುಪಾಸು ತೋರಿಸುತ್ತಿತ್ತು.

ಗೋಕುಲ ರೋಡಿನ ಕಡೆ ವೈರಿಂಗ್ ಕೆಲಸ ಮಾಡುವ ಒಬ್ಬರು ಕಾಕಾ ಇದ್ದಾರೆ. ಪಕ್ಕದ ಮನೆಯವರ ಗಾಡಿಯ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡಿ ಕಾಕಾ ಹತ್ತಿರ ಒಯ್ದೆ. ಫ್ಯೂಸ್ ಬಾಕ್ಸ್ ನೋಡಿದರು, ನನ್ನ ಮುಖ ನೋಡಿದರು. “ಸಾಹೇಬ್ರ, ರಾತ್ರಿ ಗಾಡಿ ಮಲಗಿರ್ತೈತಿ, ನೀವೂ ಮಲಗಿರ್ತೀರಿ. ಇದೊಂದು ಯಾಕ್ ಎಚ್ಚರ ಇರಬೇಕ್ರಿ?”

ಬ್ಯಾಟರಿಯನ್ನು ಎರಡು ಸಲ ಚಾರ್ಜಿಗೆ ಹಾಕಿ ನೋಡಿದರು. ಹಿಡಿಯಲಿಲ್ಲ. ಕಾರಿನ ಬ್ಯಾಟರಿ ಮಾಡಿರುವುದೇ ಒಂದು ಸಲ ಜೋರಾಗಿ ಕರೆಂಟ್ ಕೊಟ್ಟು ತಕ್ಷಣ ತುಂಬಿಕೊಳ್ಳಲು. ತಳದವರೆಗೆ ಇಳಿದು ಹಾಗೇ ಕೆಲವು ದಿನ ನಿಂತರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಹಾಗೆ ಆಗುವುದಿಲ್ಲ. ಹೊಸ ಬ್ಯಾಟರಿ ಕೊಂಡೆ. ಹಬ್ಬದ ಖರ್ಚಿನ ಮೇಲೆ ಇದೂ ಒಂದು. ಮನೆಯಲ್ಲಿ ಏನೇನು ಕೇಳಬೇಕಾಯಿತು ಅನ್ನುವುದು ಇಲ್ಲಿ ಬೇಡ.

ದೊಡ್ಡ ಬ್ಯಾಟರಿ ಹಾಕಿಸಬೇಡಿ ಅಂದದ್ದು ಇದಕ್ಕೇ. 35ರ ಬದಲು 45 ಹಾಕಿದರೆ ಸೋರುವುದು ನಿಲ್ಲುವುದಿಲ್ಲ, ಕೈಕೊಡುವುದು ಒಂದೆರಡು ದಿನ ಮುಂದಕ್ಕೆ ಹೋಗುತ್ತದೆ ಅಷ್ಟೇ. ಟ್ರೇನಲ್ಲಿ ಅದು ಸರಿಯಾಗಿ ಕೂರಬೇಕು, ಕ್ಲಾಂಪ್ ಹಿಡಿಯಬೇಕು, ಆ ತಲೆನೋವು ಬೇರೆ. ಮತ್ತೆ ಟ್ಯಾಬಿನ ಒಳಗೇ ಒಂದು ಬ್ಯಾಟರಿ ಇದೆಯಲ್ಲ! ಕೀ ತೆಗೆದ ಮೇಲೆ ಅದು ತನ್ನ ಪಾಡಿಗೆ ಮಲಗುತ್ತದೆ, ದಿನಕ್ಕೆ ಸ್ವಲ್ಪ ಇಳಿಯುತ್ತದೆ. ಗಾಡಿ ಸ್ಟಾರ್ಟ್ ಮಾಡುವಾಗ ಎಸಿಸಿ ಒಂದು ಕ್ಷಣ ಕಡಿದುಹೋಗುತ್ತದೆ. ಟ್ಯಾಬಿಗೆ ಅದು ಗೊತ್ತೇ ಆಗುವುದಿಲ್ಲ, ಕಾರಣ ಅದೇ ಒಳಗಿನ ಬ್ಯಾಟರಿ.

ಈಗ ನನ್ನ ಗಾಡಿಯಲ್ಲಿ ಇರುವುದು ಹೀಗೆ. ಫ್ಯೂಸ್ ಟ್ಯಾಪ್ (ಫ್ಯೂಸ್ ಬಾಕ್ಸಿನಲ್ಲಿ ಇದ್ದ ಫ್ಯೂಸಿನ ಜಾಗದಿಂದ ಹೊಸ ಲೈನ್ ತೆಗೆಯುವ ಸಾಧನ) ಹಾಕಿ ಎಸಿಸಿಯಿಂದ ಕರೆಂಟ್, ಅದಕ್ಕೇ ಬೇರೆಯಾಗಿ ಮೂರು ಆಂಪಿಯರಿನ ಫ್ಯೂಸ್. ಹೊರಗೆ ಕೊಂಡು ಹಾಕಿಸುವ ಸ್ಟೀರಿಯೋಗಳಲ್ಲಿ ಹಳದಿ ವೈರ್ ಯಾವಾಗಲೂ ಲೈವ್, ಕೆಂಪು ಎಸಿಸಿ, ಕಪ್ಪು ಅರ್ಥ್. ಆದರೆ ಕಾರ್ ಕಂಪನಿಯವರ ವೈರಿನ ಬಣ್ಣ ಬೇರೆ ಇರಬಹುದು. ಬಣ್ಣ ನಂಬಬೇಡಿ, ಕೀ ತೆಗೆದು ಮಲ್ಟಿಮೀಟರ್ ಇಟ್ಟು ನೋಡಿ. ಕನ್ವರ್ಟರ್ ಬೋರ್ಡ್ ಬಿಸಾಡಿ ಒಂದು ಒಳ್ಳೇ ಕಾರ್ ಚಾರ್ಜರ್ ಇಟ್ಟಿದ್ದೇನೆ. ಅದರಲ್ಲಿ ಡೇಟಾ ವೈರಿನ ಆ ಏರ್ಪಾಡು ಒಳಗೇ ಇರುತ್ತದೆ. ಕೇಬಲ್ ಅರ್ಧ ಮೀಟರ್, ದಪ್ಪದ್ದು, ಕತ್ತರಿಸದೆ ಇರುವುದು. ಟೈಪ್‌-ಸಿ ಟ್ಯಾಬಿನಲ್ಲಿ ಒಳಗಿನ ಲೆಕ್ಕ ಸ್ವಲ್ಪ ಬೇರೆ, ಆದರೂ ಕೇಬಲ್ ಕತ್ತರಿಸಬೇಡಿ. ಮ್ಯಾಪ್ ಓಡುತ್ತಿದ್ದರೂ ಈಗ ಚಾರ್ಜ್ ಏರುತ್ತದೆ.

ತಮಾಷೆ ಅಂದರೆ ಆ ‘ಸ್ಟೇ ಅವೇಕ್’ ಇವತ್ತಿಗೂ ಆನ್ ಇದೆ. ಎಸಿಸಿ ಜೊತೆ ಅದು ಬಹಳ ಚೆನ್ನಾಗಿ ಹೊಂದುತ್ತದೆ. ಕೀ ಹಾಕಿದರೆ ಚಾರ್ಜರ್ ಸಿಕ್ಕಿ ಸ್ಕ್ರೀನ್ ಏಳುತ್ತದೆ, ಕೀ ತೆಗೆದರೆ ಅರ್ಧ ನಿಮಿಷಕ್ಕೆ ತಾನೇ ಆರುತ್ತದೆ. ಟ್ಯಾಸ್ಕರ್, ಮ್ಯಾಕ್ರೋಡ್ರಾಯ್ಡ್ ಅಂತ ಆ್ಯಪ್‌ಗಳಿವೆ, ಅವುಗಳಲ್ಲಿ ಇನ್ನೂ ಏನೇನೋ ಮಾಡಬಹುದು. ನನಗೆ ಬೇಕಾಗಲಿಲ್ಲ.

ಎಲ್ಲ ಆದ ಮೇಲೆ ಒಂದು ಸಲ ಸೋರಿಕೆ ಅಳೆಯಿರಿ. ಕೀ ತೆಗೆದು, ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ, ಆ ವೈರಿಗೂ ಟರ್ಮಿನಲಿಗೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಹಾಕಿ. ಬಾಗಿಲು ಹಾಕಿ ಸ್ವಲ್ಪ ಹೊತ್ತು ಕಾಯಿರಿ. 50 ಮಿಲಿಆಂಪಿಯರ್ ಒಳಗೆ ಬಂದರೆ ನಿಶ್ಚಿಂತೆ. ಮೀಟರ್ ಹಾಕಿಕೊಂಡೇ ಗಾಡಿ ಸ್ಟಾರ್ಟ್ ಮಾಡಲು ಮಾತ್ರ ಹೋಗಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ.

ಹಾಡಿಗೆ ಟ್ಯಾಬಿನ ಹೆಡ್‌ಫೋನ್ ತೂತಿನಿಂದ ಆಂಪ್ಲಿಫೈಯರಿಗೆ ಆಕ್ಸ್ ವೈರ್ ಹಾಕಿದರೆ ಎಂಜಿನ್ ಜೊತೆ ಏರುವ ಇಳಿಯುವ ಕುಂಯ್ ಸದ್ದು ಬರಬಹುದು. ಚಾರ್ಜರಿನ ಅರ್ಥೂ ಆಂಪ್ಲಿಫೈಯರಿನ ಅರ್ಥೂ ಸುತ್ತು ಹಾಕಿಕೊಂಡು ಬರುವ ಸದ್ದು ಅದು. ಬ್ಲೂಟೂತ್ ಬಳಸಿ, ಹೋಗುತ್ತದೆ.

ಇನ್ನು ಡ್ಯಾಶ್‌ಬೋರ್ಡಿನಲ್ಲಿ ಪರ್ಮನೆಂಟಾಗಿ ಕೂರಿಸುವ ಆಸೆ. ಅದನ್ನೂ ಬಿಡಿ ಅಂತೀನಿ. ನಾನು ವೈರಿಂಗ್ ಸರಿ ಮಾಡಿದ ಮೇಲೂ ಟ್ಯಾಬ್ ಅಕ್ರಿಲಿಕ್ ಒಳಗೇ ಇತ್ತು. ಮುಂದಿನ ಏಪ್ರಿಲ್‌ನಲ್ಲಿ ಗದಗದ ಎಪಿಎಂಸಿ ಹತ್ತಿರ ಬಿಸಿಲಿಗೆ ನಿಲ್ಲಿಸಿ ನಿಲ್ಲಿಸಿ ಅದರ ಬ್ಯಾಟರಿ ಉಬ್ಬಿತು. ಗಾಜು ಮೇಲೆದ್ದು ಚೌಕಟ್ಟು ಸೀಳಿತು. ಹೊರಗೆ 38, 40 ಡಿಗ್ರಿ ಇದ್ದರೆ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ 60 ದಾಟುತ್ತದೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಲೇಬಾರದು. ಉಬ್ಬಿದ ಬ್ಯಾಟರಿಯನ್ನು ಒತ್ತಿ ಒಳಗೆ ಕೂರಿಸಲು ಹೋಗಬೇಡಿ, ಬೆಂಕಿ ಹತ್ತಬಹುದು. ಈಗ ಬೇರೆ ಟ್ಯಾಬ್ ಇದೆ, ಕ್ಲಿಪ್ ಹೋಲ್ಡರಿನಲ್ಲಿ, ಎಸಿ ಗಾಳಿ ಬೀಸುವ ಜಾಗದಲ್ಲಿ. ಇಳಿಯುವಾಗ ಬಿಚ್ಚಿ ಬ್ಯಾಗಿಗೆ ಹಾಕುತ್ತೇನೆ. ಪವರ್ ಬಟನ್ ಕೈಗೆ ಸಿಗುತ್ತದೆ. ಬಿಚ್ಚುವುದು ಬೇಡವೇ ಬೇಡ ಅನ್ನುವವರಾದರೆ ಟ್ಯಾಬಿನ ಸಹವಾಸ ಬಿಟ್ಟು ರೆಡಿಮೇಡ್ ಆಂಡ್ರಾಯ್ಡ್ ಸ್ಟೀರಿಯೋ ಕೊಳ್ಳಿ. ಅದರಲ್ಲಿ ಉಬ್ಬುವ ಬ್ಯಾಟರಿಯೇ ಇರುವುದಿಲ್ಲ.

ಕೊನೆಯಲ್ಲಿ ರಿವರ್ಸ್ ಕ್ಯಾಮೆರಾವನ್ನೂ ಟ್ಯಾಬಿಗೇ ಜೋಡಿಸಬಹುದಾ ಅಂತ ಕೇಳಿದ್ದೀರಿ. ಜೋಡಿಸಬಹುದು, ಆದರೆ ವೈರಿನ ಕ್ಯಾಮೆರಾ ಆದರೆ ಅದಕ್ಕೆ ಒಟಿಜಿ, ಅಂದರೆ ಟ್ಯಾಬಿನ ಚಾರ್ಜಿಂಗ್ ಪೋರ್ಟಿಗೇ ಬೇರೆ ಸಾಧನ ಸಿಕ್ಕಿಸುವ ಏರ್ಪಾಡು, ಬೇಕು. ಹಳೆಯ ಟ್ಯಾಬುಗಳಲ್ಲಿ ಬಹಳಷ್ಟು ಒಟಿಜಿ ಹಾಕಿದಾಗ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ಮತ್ತೆ ಚಾರ್ಜ್ ಇಳಿಯುವ ಕಥೆಗೇ ಬರುತ್ತೀರಿ. ಕನ್ನಡಿಗೆ ಸಿಕ್ಕಿಸುವ ಸಣ್ಣ ಮಾನಿಟರ್ ತಂದು, ರಿವರ್ಸ್ ಲೈಟಿನ ವೈರಿನಿಂದ ಕರೆಂಟ್ ಕೊಡಿಸಿ. ಗೇರ್ ಹಾಕಿದಾಗ ಆನ್, ತೆಗೆದರೆ ಆಫ್.