ಕಾರ್ಯದರ್ಶಿಯ ಕುರ್ಚಿ ಬಿಟ್ಟ ಮೇಲೆ

ಪ್ರಶ್ನೆ: 16 ವರ್ಷ ನಮ್ಮ ಕ್ರೈಸ್ತ ಸಭೆಯ ಕಾರ್ಯದರ್ಶಿಯಾಗಿದ್ದೆ. ಈ ಸಲದ ಚುನಾವಣೆಯಲ್ಲಿ ಸೋತೆ. ಅಂದಿನಿಂದ ಭಾನುವಾರದ ಆರಾಧನೆಗೆ ಹೋಗಲು ಕಾಲೇ ಬರುತ್ತಿಲ್ಲ. ಅಲ್ಲಿ ನಾನು ಯಾರೆಂಬುದೇ ತಿಳಿಯದಂತಾಗಿದೆ. ಹಿರಿಯರೊಬ್ಬರ ಬಳಿ ಹೇಳಿಕೊಂಡರೆ, ದೀನತೆಯುಳ್ಳವನಿಗೆ ನೋವಾಗುವುದಿಲ್ಲ, ಮಾಡಿದ್ದನ್ನೆಲ್ಲ ಮರೆತುಬಿಡಿ ಎಂದರು. ನನ್ನ ನೋವು ಅವಿಶ್ವಾಸವೇ? ದೀನನಾಗಲು ನಾನು ಏನೂ ಅಲ್ಲವೆಂದು ಒಪ್ಪಿಕೊಳ್ಳಬೇಕೇ?
– ಒಬ್ಬ ಓದುಗ, ಧಾರವಾಡ

ಉತ್ತರ: ಸಹೋದರರೇ, ನಿಮ್ಮ ನೋವು ಅವಿಶ್ವಾಸವಲ್ಲ. ಆ ಹಿರಿಯರ ಮಾತು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ.

ದೀನತೆಯ ವಿಷಯ ಬಂದಾಗಲೆಲ್ಲ ನಾವು ನೆನೆಯುವ ಮಾತು, ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪವನ್ನು ಧರಿಸಿದನೆಂಬುದು, ಅಪೊಸ್ತಲನಾದ ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯ ಸಭೆಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿದೆ. ಫಿಲಿಪ್ಪಿಯು ಮಕೆದೋನ್ಯದ ರೋಮನ್ ವಸಾಹತು, ಕ್ರಿ.ಪೂ. 42ರ ಯುದ್ಧದ ನಂತರ ನಿವೃತ್ತ ಸೈನಿಕರಿಗೆ ಅಲ್ಲಿ ಭೂಮಿ ಕೊಟ್ಟು ನೆಲೆಗೊಳಿಸಿದ್ದರಿಂದ, ರೋಮಿನ ಪೌರತ್ವವೆಂದರೆ ಆ ಊರಿಗೆ ದೊಡ್ಡ ಹೆಮ್ಮೆ. ಅಂಥ ಊರಿನವರಿಗೆ ಬರೆಯುತ್ತ ಪೌಲನು, ತಾನು ಎಂಟನೆಯ ದಿನದಲ್ಲಿ ಸುನ್ನತಿಯಾದವನು, ಇಸ್ರಾಯೇಲಿನ ಬೆನ್ಯಾಮೀನನ ಕುಲದವನು, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನು ಎಂದು ತನ್ನ ಹೆಚ್ಚುಗಾರಿಕೆಗಳನ್ನು ಒಂದೊಂದಾಗಿ ಎಣಿಸಿ, ಕ್ರಿಸ್ತನ ಮುಂದೆ ಅವೆಲ್ಲ ಕಸವೆನ್ನುತ್ತಾನೆ. ಆದರೆ ಯಾವುದನ್ನೂ ಅವನು ಮರೆತಿಲ್ಲ, ಗಮನಿಸಿ. ಅವುಗಳಿಗೆ ತಾನು ಕಟ್ಟಿದ್ದ ಬೆಲೆಯನ್ನಷ್ಟೇ ಬದಲಿಸಿದ್ದಾನೆ.

ಅದಕ್ಕೂ ಮುಂಚೆ ಅದೇ ಊರಿನಲ್ಲಿ ನಡೆದದ್ದು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿದೆ. ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿಸಿದ ಅಧಿಕಾರಿಗಳು, ಬೆಳಗಾದ ಮೇಲೆ ಸದ್ದಿಲ್ಲದೆ ಕಳುಹಿಸಿಬಿಡಲು ನೋಡಿದಾಗ, ನಾವು ರೋಮಿನ ಪೌರರು, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದು ಪಟ್ಟು ಹಿಡಿದವನು ಈ ಪೌಲನೇ. ಈಗಷ್ಟೇ ಹುಟ್ಟಿದ ಸಭೆಗೆ ಕೆಟ್ಟ ಹೆಸರು ಅಂಟದಿರಲೆಂದು ಹಾಗೆ ಮಾಡಿದನೆಂಬುದು ನನ್ನ ಊಹೆ. ದೀನತೆಯೆಂದರೆ ತನ್ನನ್ನು ಅಳಿಸಿಹಾಕಿಕೊಳ್ಳುವುದೆಂದಿದ್ದರೆ ಅಂದು ಅವನು ತಲೆ ತಗ್ಗಿಸಿ ಊರು ಬಿಡಬೇಕಿತ್ತು.

ಇನ್ನೊಂದು ವಚನವನ್ನು ನಾವು ಓದುವ ಭರದಲ್ಲಿ ದಾಟಿಬಿಡುತ್ತೇವೆ. ಶಿಷ್ಯರ ಪಾದಗಳನ್ನು ತೊಳೆಯಲು ಏಳುವ ಮೊದಲು ಯೇಸುವಿಗೆ, ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೇ ಹೋಗುವವನು ಎಂಬುದು ತಿಳಿದಿತ್ತೆಂದು ಯೋಹಾನನು ಬರೆಯುತ್ತಾನೆ. ತಾನು ಯಾರೆಂಬುದು ಮೊದಲು ನಿಶ್ಚಯವಾಗಿತ್ತು, ಸೊಂಟಕ್ಕೆ ಪಾದ ಒರೆಸುವ ಕೈಪಾವಡ ಬಂದದ್ದು ಆಮೇಲೆ. ನಿಮ್ಮ ವಿಷಯದಲ್ಲಿ, ನನಗೆ ತೋರುವಂತೆ, ಕೆಲಸ ಮೊದಲಾಗಿ ಗುರುತು ಅದರ ಬೆನ್ನಿಗೆ ಬಂದಿತ್ತು. ಹೀಗಾಗಿ ಕೆಲಸದೊಂದಿಗೆ ಅದೂ ಹೋದಂತೆನಿಸಿದೆ. ದೀಕ್ಷಾಸ್ನಾನದಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆದಾಗ ನೀವು ಯಾವ ಸಭೆಯ ಕಾರ್ಯದರ್ಶಿಯೂ ಆಗಿರಲಿಲ್ಲವಲ್ಲ.

ಹಾಗೆಂದು 16 ವರ್ಷದ ದುಡಿಮೆಯನ್ನು ಮರೆಯಬೇಕಿಲ್ಲ. ಫಿಲಿಪ್ಪಿಯವರಿಗೆ ಬರೆದ ಅದೇ ಪತ್ರದ ಕೊನೆಯಲ್ಲಿ, ಮನಸ್ತಾಪದಲ್ಲಿದ್ದ ಇಬ್ಬರು ಸ್ತ್ರೀಯರಿಗೆ ಒಂದೇ ಮನಸ್ಸುಳ್ಳವರಾಗಿರಿ ಎಂದು ಬುದ್ಧಿ ಹೇಳುವ ಪೌಲನು, ಸುವಾರ್ತೆಗಾಗಿ ಅವರು ತನ್ನೊಡನೆ ಪಟ್ಟ ಶ್ರಮವನ್ನೂ ನೆನೆಯುತ್ತಾನೆ.

ಬರುವ ಭಾನುವಾರ ಆರಾಧನೆಗೆ ಹೋಗಿ, ಎಲ್ಲರಂತೆ ಬೆಂಚಿನಲ್ಲಿ ಕುಳಿತುಕೊಳ್ಳಿ. ಹಳೆಯ ರಿಜಿಸ್ಟರುಗಳು ಮನೆಯಲ್ಲೇ ಉಳಿದಿದ್ದರೆ ಹೊಸ ಕಾರ್ಯದರ್ಶಿಗೆ ಒಪ್ಪಿಸಿ, ಅವರು ಏನಾದರೂ ಕೇಳಿದರೆ ತಿಳಿದಷ್ಟು ಹೇಳಿ. ಕೇಳದಿದ್ದರೆ ಕೀರ್ತನೆಯ ಪುಸ್ತಕವನ್ನು ತೆರೆದು ಹಾಡಿರಿ.