ಬ್ಯಾಂಕಿಗೆ ಹೂಂ ಅನ್ನುವ ಮೊದಲು: ಹಾಸನದ ಒಂದು ಕಾರ್ಡ್ ಸಾಲದ ಪ್ರಕರಣ

ಹೆಸರು, ಕೆಲಸ, ಮೊತ್ತ ಎಲ್ಲವನ್ನೂ ಸ್ವಲ್ಪ ಬದಲಿಸಿದ್ದೇನೆ. ಇವರನ್ನು ಶಿವಣ್ಣ ಎನ್ನೋಣ. ನಲವತ್ತರ ಆಸುಪಾಸು. ಹಾಸನದ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದರು. ಒಂಬತ್ತು ವರ್ಷದ ಕೆಲಸ, ಕೈಗೆ 34,000 ಸಂಬಳ. ಆರ್ಡರ್ ಇಲ್ಲ ಎಂದು ಒಂದು ಶಿಫ್ಟನ್ನೇ ನಿಲ್ಲಿಸಿದರು. ಈಗ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ 16,000ಕ್ಕೆ ಲೆಕ್ಕ ಬರೆಯುತ್ತಾರೆ.

ಎರಡು ಕ್ರೆಡಿಟ್ ಕಾರ್ಡ್ ಇದ್ದವು. ಒಂದರಲ್ಲಿ 1,18,000 ಬಾಕಿ, ಇನ್ನೊಂದರಲ್ಲಿ 64,000. ಕೆಲಸ ಹೋದ ಮೇಲೂ ಕೆಲವು ತಿಂಗಳು ಮಿನಿಮಮ್, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಕಟ್ಟಿದರು, ಅದಕ್ಕೂ ಕೈಸಾಲ ಮಾಡಿ. ಆಮೇಲೆ ಅದೂ ನಿಂತಿತು. ಫೋನ್ ಶುರುವಾಯಿತು. ನಿದ್ದೆ ಬರುತ್ತಿಲ್ಲ ಎಂದು ಡಾಕ್ಟರ ಹತ್ತಿರ ಹೋದವರನ್ನು ಆ ಡಾಕ್ಟರೇ ಸಾಲದ ಬಗ್ಗೆ ಸಲಹೆ ಕೊಡುವ ನನ್ನಲ್ಲಿಗೆ ಕಳಿಸಿದ್ದರು. ಹೆಂಡತಿ ರತ್ನ ಅವರಿಗೆ ಕೆಲಸ ಹೋದದ್ದು ಗೊತ್ತಿತ್ತು, ಕಾರ್ಡ್ ಸಾಲ ಗೊತ್ತಿರಲಿಲ್ಲ.

ನಮ್ಮ ಕಡೆ ಶುಂಠಿ ರೇಟು ಬಿದ್ದು ಯಾರಾದರೂ ಲಾಸ್ ಆದರೆ ಟೀ ಅಂಗಡಿಯಲ್ಲೇ ಹೇಳಿಕೊಳ್ಳುತ್ತಾರೆ, ಕೇಳಿದವರು ಅಯ್ಯೋ ಅನ್ನುತ್ತಾರೆ. ಕಾರ್ಡ್ ಸಾಲ ಹಾಗಲ್ಲ. ಅದು ಶೋಕಿ ಮಾಡಿದವರ ಸಾಲ ಎಂಬ ಭಾವನೆ ಇದೆ. ಶಿವಣ್ಣನವರ ಬಾಕಿಯಲ್ಲಿ ಜಾಸ್ತಿ ಪಾಲು ತಾಯಿಯ ಕಣ್ಣಿನ ಆಪರೇಷನ್, ಮಗನ ಪಿಯುಸಿ ಫೀಸು. ಆದರೂ ಬಾಯಿ ಬಿಡಲು ನಾಚಿಕೆ.

ಮೊದಲ ಭೇಟಿಯಲ್ಲಿ ಅವರು ಒಂದು ಮಾತು ಹೇಳಿದರು. “ನಾನಿಲ್ಲದಿದ್ರೆ ಇನ್ಶೂರೆನ್ಸ್ ದುಡ್ಡಾದ್ರೂ ಬರ್ತಿತ್ತು ಮೇಡಂ.” ಲೆಕ್ಕದ ಹಾಳೆಯನ್ನು ಪಕ್ಕಕ್ಕಿಟ್ಟೆ. ಸಾಯುವ ಯೋಚನೆ ಬರುತ್ತಿದೆಯಾ, ಹೇಗೆ ಅಂತ ಯೋಚಿಸಿದ್ದೀರಾ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಬೇಡ, ಕೇಳಿದರೆ ಎದೆ ಹಗುರವಾಗುವುದೇ ಹೆಚ್ಚು. ಯೋಚನೆ ಬಂದಿತ್ತು, ಏನೂ ತೀರ್ಮಾನ ಮಾಡಿರಲಿಲ್ಲ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯರನ್ನು ಕಾಣಲು ಒಪ್ಪಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲೇ ಸೇವ್ ಮಾಡಿಸಿದೆ. ರಾತ್ರಿ ಎರಡಕ್ಕೂ ಅಲ್ಲಿ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಮನೆಯಲ್ಲಿ ಒಬ್ಬರಿಗಾದರೂ ವಿಷಯ ಗೊತ್ತಿರಬೇಕು ಎಂದೆ. ಎರಡನೇ ಭೇಟಿಗೆ ರತ್ನ ಅವರೂ ಬಂದರು. ಅತ್ತರು, ಬೈದರು. ಆಮೇಲೆ “ಬಡ್ಡಿ ಎಷ್ಟಂತೆ?” ಎಂದು ಕೇಳಿದರು.

ಆ ಪ್ರಶ್ನೆಯನ್ನು ಶಿವಣ್ಣ ತಾವೇ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಮೂವರೂ ಕೂತು ನೋಡಿದೆವು. ದೊಡ್ಡ ಕಾರ್ಡಿಗೆ ತಿಂಗಳಿಗೆ ಮೂರೂವರೆ ಪರ್ಸೆಂಟ್, ವರ್ಷಕ್ಕೆ 42. ಅಂದರೆ 1,18,000ಕ್ಕೆ ಒಂದು ತಿಂಗಳ ಬಡ್ಡಿ 4,130, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 743. ಐದು ಪರ್ಸೆಂಟ್ ಲೆಕ್ಕದ ಮಿನಿಮಮ್ 5,900 ಕಟ್ಟಿದರೆ ಅಸಲಿಗೆ ಹೋಗುವುದು ಸಾವಿರ ಚಿಲ್ಲರೆ ಅಷ್ಟೇ. ಹಳೇ ಬಾಕಿ ಇರುವಾಗ ಅದೇ ಕಾರ್ಡಿನಲ್ಲಿ ಅಕ್ಕಿ ಬೇಳೆ ತಂದರೆ ಅದಕ್ಕೂ ತಂದ ದಿನದಿಂದಲೇ ಬಡ್ಡಿ. ಕಾರ್ಡುಗಳನ್ನು ಅವತ್ತೇ ಬ್ಲಾಕ್ ಮಾಡಿಸಿದರು.

ಮನೆಯ ಆದಾಯ ಈಗ ಅಂಗಡಿಯ 16,000, ರತ್ನ ಅವರ ಟೈಲರಿಂಗ್‌ನಿಂದ 7,500. ಬಾಡಿಗೆ, ರೇಷನ್, ಫೀಸು, ತಾಯಿಯ ಮಾತ್ರೆ, ಸಂಘದ ಕಂತು, ಪೆಟ್ರೋಲ್ ಎಲ್ಲ ಸೇರಿ ಖರ್ಚು 19,300. ಉಳಿಯುವುದು 4,200. ಜ್ವರ, ಮದುವೆ ಮುಯ್ಯಿ ಅಂತ ಏನಾದರೂ ಬಂದೇ ಬರುತ್ತದೆ, ಅಲ್ವಾ? 700 ತೆಗೆದಿಟ್ಟು, ಸಾಲಕ್ಕೆ 3,500 ಎಂದು ಬರೆದೆವು. ಕೆಟ್ಟ ತಿಂಗಳಲ್ಲೂ ಕೊಡಬಲ್ಲ ಮೊತ್ತ ಅದು. ಅದಕ್ಕಿಂತ ಜಾಸ್ತಿ ಯಾರು ಕೇಳಿದರೂ ಒಪ್ಪಬೇಡಿ ಎಂಬುದೇ ನನ್ನ ಮುಖ್ಯ ಸಲಹೆ. ಕಂತು ಒಪ್ಪಿ ಎರಡನೇ ತಿಂಗಳಿಗೇ ತಪ್ಪಿಸಿದರೆ ಬ್ಯಾಂಕಿನವರು ಇನ್ನೊಮ್ಮೆ ಕೂತು ಮಾತಾಡುವುದು ಕಷ್ಟ.

ದೊಡ್ಡ ಕಾರ್ಡಿನ ಬ್ಯಾಂಕಿಗೆ ಇಮೇಲ್ ಬರೆಸಿದೆ. ಅಳಲು ಬೇಡ, ನಾಲ್ಕು ಸಾಲು ಸಾಕು. “ಇಂಥ ತಿಂಗಳು ನನ್ನ ಕೆಲಸ ಹೋಗಿದೆ, ಪತ್ರ ಲಗತ್ತಿಸಿದ್ದೇನೆ. ಈಗಿನ ಆದಾಯ ಇಷ್ಟು. ತಿಂಗಳಿಗೆ 3,500 ಕಟ್ಟಬಲ್ಲೆ. ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿನ ಸಾಲವಾಗಿ ಬದಲಿಸಿ, ಲೇಟ್ ಫೀ ಮನ್ನಾ ಮಾಡಿ, ಉತ್ತರ ಬರಹದಲ್ಲಿ ಕೊಡಿ.”

ಆಮೇಲೆ ಫೋನಿನ ಅಭ್ಯಾಸ. ಶಿವಣ್ಣ ಯಾರು ಏನೇ ಕೇಳಿದರೂ ಹೂಂ ಅನ್ನುವ ಸ್ವಭಾವದವರು. ನಾನು ಬ್ಯಾಂಕಿನವಳಾದೆ, ಅವರು ಸೋತರು. ರತ್ನ ಅವರನ್ನು ಕೂರಿಸಿದೆ, ನನಗಿಂತ ಜೋರಾಗಿ ದಬಾಯಿಸಿದರು! ಕೊನೆಗೆ ಒಂದು ಮಾತು ಗಟ್ಟಿಯಾಯಿತು: “ನನ್ನಿಂದ ಆಗೋದು 3,500. ನಿಮ್ಮದನ್ನು ಬರೆದು ಕಳಿಸಿ, ಮನೇಲಿ ಓದಿ ಹೇಳ್ತೀನಿ.”

ಅದು ಕೆಲಸಕ್ಕೆ ಬಂತು. ಬ್ಯಾಂಕು ಮೊದಲು ಹೇಳಿದ್ದು 24 ತಿಂಗಳು, 16 ಪರ್ಸೆಂಟ್, ಕಂತು ಸುಮಾರು 5,800. ಇವರು ಅದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಕೊನೆಗೆ 48 ತಿಂಗಳಿಗೆ ಒಪ್ಪಿದರು, ಕಂತು 3,344. ಒಟ್ಟು ಬಡ್ಡಿ 42,000 ದಾಟುತ್ತದೆ, ಕಡಿಮೆಯೇನಲ್ಲ. ಆದರೆ ಕಾರ್ಡಿನಲ್ಲೇ ಬಿಟ್ಟಿದ್ದರೆ ಒಂದು ವರ್ಷಕ್ಕೇ ಅದಕ್ಕಿಂತ ಜಾಸ್ತಿ ಆಗುತ್ತಿತ್ತು.

ಎರಡನೇ ಕಾರ್ಡಿನದು ಬೇರೆ ಕಥೆ. ಅದು ರಿಕವರಿ ಏಜೆಂಟರ ಕೈಗೆ ಹೋಗಿತ್ತು. ಅವರು ಅರಸೀಕೆರೆಯಲ್ಲಿರುವ ಇವರ ಅಕ್ಕನ ಗಂಡನಿಗೆ ಫೋನ್ ಮಾಡಿ ಮರ್ಯಾದೆ ತೆಗೆದರು. ಪೊಲೀಸರನ್ನು ಕಳಿಸುತ್ತೇವೆ ಎಂದರು. ಕಾರ್ಡ್ ಬಾಕಿ ಸಿವಿಲ್ ವಿಷಯ, ಕಟ್ಟಲಾಗಲಿಲ್ಲ ಎಂಬುದಕ್ಕೇ ಜೈಲಿಲ್ಲ. ಆದರೆ ಕೊಟ್ಟ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ಕ್ರಿಮಿನಲ್ ಕೇಸು ಆಗಬಹುದು. ಹಾಗಾಗಿ ಅವರು ಕೇಳಿದ ಖಾಲಿ ಚೆಕ್ ಕೊಡಬೇಡಿ ಎಂದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲದ ಫೋನ್ ಮಾಡುವಂತಿಲ್ಲ, ನೆಂಟರ ಮುಂದೆ ಅವಮಾನ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕರೆ ಬಂದ ಸಮಯ, ನಂಬರ್ ಬರೆದಿಟ್ಟು ಬ್ಯಾಂಕಿಗೇ ದೂರು ಕೊಡಿಸಿದೆ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ದುಡ್ಡಿಲ್ಲ. ಅಲ್ಲಿವರೆಗೆ ಹೋಗಬೇಕಾಗಲಿಲ್ಲ.

ನಡುವೆ ವಾಟ್ಸಾಪ್‌ನಲ್ಲಿ ‘ಲೋಕ್ ಅದಾಲತ್ ನೋಟಿಸ್’ ಬಂತು. ಅರೆಸ್ಟ್ ವಾರೆಂಟ್ ಎಂದೇ ಅವರು ತಿಳಿದಿದ್ದರು. ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ತೋರಿಸಿ ಎಂದೆ. ಅಂಥ ಕೇಸೇ ಅವರ ಪಟ್ಟಿಯಲ್ಲಿರಲಿಲ್ಲ. ನಿಜವಾದ ನೋಟಿಸ್ ಬಂದರೂ ಹೆದರಬೇಕಿಲ್ಲ, ಅದಾಲತ್ ಇರುವುದು ರಾಜಿಗೆ. ಒಂದೇ ಎಚ್ಚರ: ಅಲ್ಲಿ ಸಹಿ ಹಾಕಿದ ರಾಜಿ ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿಗೆ ಸಮ, ಅದರ ಮೇಲೆ ಅಪೀಲಿಲ್ಲ.

ಏಜೆಂಟ್ 40,000ಕ್ಕೆ ಸೆಟ್ಲ್‌ಮೆಂಟ್ ಮಾಡಿಕೊಳ್ಳಿ ಎನ್ನುತ್ತಿದ್ದ. ಆಸೆ ಹುಟ್ಟಿಸುವ ಮೊತ್ತವೇ. ಬೇರೆಯವರಾಗಿದ್ದರೆ ನಾನೂ ಸರಿ ಎನ್ನುತ್ತಿದ್ದೆನೇನೋ. ಆದರೆ ಹಾಗೆ ಪೂರ್ತಿ ಕಟ್ಟದೆ ಮುಗಿಸಿದರೆ, ನಮ್ಮ ಸಾಲದ ಇತಿಹಾಸ ಇಡುವ ಸಿಬಿಲ್‌ನಲ್ಲಿ ‘ಸೆಟಲ್ಡ್’ ಎಂದು ದಾಖಲಾಗುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ. ಮಗನಿಗೆ ಇನ್ನು ಸ್ವಲ್ಪ ದಿನದಲ್ಲೇ ಎಜುಕೇಷನ್ ಲೋನ್ ಬೇಕು, ಅದಕ್ಕೆ ಅಪ್ಪನೂ ಸಹಿ ಹಾಕಬೇಕು. ರತ್ನ ಸರ ಅಡ ಇಡಲು ತಯಾರಿದ್ದರು. ನನಗೆ ಮನಸ್ಸಾಗಲಿಲ್ಲ. ಈ ಆದಾಯದಲ್ಲಿ ಇನ್ನೊಂದು ಕಂತು ಸೇರಿದರೆ ಸರ ಬಿಡಿಸುವುದು ಯಾವಾಗ? ಪಿಎಫ್ ಇತ್ತಲ್ಲ. ಐದು ವರ್ಷ ದಾಟಿದ ಸರ್ವಿಸ್ ಆದ್ದರಿಂದ ತೆರಿಗೆಯ ತಲೆನೋವೂ ಇಲ್ಲ. ಬೇಕಾದಷ್ಟನ್ನು ಮಾತ್ರ ತೆಗೆಸಿ, ಲೇಟ್ ಫೀ ಮನ್ನಾ ಮಾಡಿಸಿಕೊಂಡು, ಉಳಿದದ್ದನ್ನು ನೇರ ಕಾರ್ಡ್ ಖಾತೆಗೇ ಕಟ್ಟಿದರು. ಏಜೆಂಟನ ಕೈಗೆ ಒಂದು ರೂಪಾಯಿಯೂ ಕೊಡಲಿಲ್ಲ. ‘ಖಾತೆ ಮುಚ್ಚಿದೆ, ಬಾಕಿ ಇಲ್ಲ’ ಎಂಬ ಪತ್ರವನ್ನು ಬ್ಯಾಂಕಿನಿಂದಲೇ ತರಿಸಿಕೊಂಡರು.

ಮುಂದೆ ಸಿಬಿಲ್ ವರದಿ ತೆಗೆದಾಗ ಆ ಕಾರ್ಡ್ ಇನ್ನೂ ಬಾಕಿ ಎಂದೇ ತೋರಿಸುತ್ತಿತ್ತು. ವರ್ಷಕ್ಕೊಂದು ವರದಿ ಉಚಿತ, ತಪ್ಪಿದ್ದರೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು. 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವೂ ಇದೆ. ಅದರೊಳಗೇ ಸರಿಯಾಯಿತು.

ಅರಸೀಕೆರೆಯ ಭಾವನ ಜೊತೆ ಮಾತ್ರ ಮಾತು ನಿಂತಿದೆ. ಹಾಸನಾಂಬ ಬಾಗಿಲು ತೆರೆದಾಗ ಅವರನ್ನು ಮನೆಗೆ ಕರೆಯೋಣ ಎನ್ನುತ್ತಾರೆ ರತ್ನ, ಬೇಡ ಎನ್ನುತ್ತಾರೆ ಶಿವಣ್ಣ. ಮುಂದಿನ ಭೇಟಿಯಲ್ಲಿ ಅದನ್ನೇ ಮಾತಾಡುವುದಿದೆ.