ಇನ್‌ಹೇಲರ್ ಬದಲು ಸಿರಪ್ ಸಾಕಾ?

ನಾಲ್ಕು ವರ್ಷದ ಮಗನ ಆಸ್ತಮಾಗೆ ದಿನಾ ಬುಡೆಸೊನೈಡ್ (ಶ್ವಾಸನಾಳದ ಊತ ಇಳಿಸುವ ಸ್ಟೀರಾಯ್ಡ್) ಇನ್‌ಹೇಲರ್ ಬರೆದಿದ್ದಾರೆ, ಅತ್ತೆಯವರು ‘ಅಭ್ಯಾಸ ಆಗಿಬಿಡುತ್ತೆ, ಸಿರಪ್ ಸಾಕು’ ಅಂತಾರೆ ಎಂದಿದ್ದೀರಿ. ಭಯ ಸಹಜ. ಆದರೆ ಇದು ಚಟ ಹಿಡಿಸುವ ಔಷಧಿ ಅಲ್ಲ. ಡೋಸ್ ಮೈಕ್ರೋಗ್ರಾಂ ಲೆಕ್ಕದ್ದು, ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಸಿರಪ್ ಮೈಯೆಲ್ಲ ಸುತ್ತುತ್ತದೆ. ಕೈ ನಡುಕ, ಎದೆ ಡವಡವ ಅದರಿಂದಲೇ ಜಾಸ್ತಿ. ಒಳಗಿನ ಊತವನ್ನಂತೂ ಅದು ಇಳಿಸುವುದಿಲ್ಲ.

ಎತ್ತರದ ವಿಷಯ: ಈ ಇನ್‌ಹೇಲರ್ ವರ್ಷಗಟ್ಟಲೆ ತೆಗೆದುಕೊಂಡ ಮಕ್ಕಳಲ್ಲಿ ದೊಡ್ಡವರಾದ ಮೇಲೆ ಎತ್ತರ ಸರಾಸರಿ ಸುಮಾರು 1 ಸೆಂ.ಮೀ. ಕಡಿಮೆ ಕಂಡಿದೆ. ರಾತ್ರಿಯೆಲ್ಲ ಕೆಮ್ಮಿ ನಿದ್ದೆಗೆಡುವುದರ ಮುಂದೆ ಅದು ಚಿಕ್ಕದು ಅಲ್ವಾ?

ಮಾಸ್ಕ್ ಇರುವ ಸ್ಪೇಸರ್‌ನಲ್ಲೇ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆಯಂಥ ಡಬ್ಬಿ) ಕೊಡಿ. ಮಾಸ್ಕ್ ಮುಖಕ್ಕೆ ಸಂದಿಲ್ಲದಂತೆ ಕೂತಿರಲಿ, ಆಮೇಲೆ ಬಾಯಿ ಮುಕ್ಕಳಿಸಿ ಮುಖ ಒರೆಸಿ. ಕೆಮ್ಮು ನಿಂತಿತೆಂದು ನೀವೇ ನಿಲ್ಲಿಸಬೇಡಿ, ಡೋಸ್ ಇಳಿಸುವುದನ್ನು ಡಾಕ್ಟರ್ ಹತ್ತಿರ ಕೇಳಿ. ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಂಡರೆ, ಮಾತಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.